ಈಚಲ ವಂಕದಲ್ಲಿ ನನ್ನದೊಂದು ಸೈಟು

ಮೊನ್ನೆ ಬಂಗಾರಪೇಟೆ ಬಜಾರಿನಲ್ಲಿ ಒಂದು ಪೊರಕೆಗಾಗಿ ನಾಲ್ಕು ಅಂಗಡಿ ಹತ್ತಿ ಇಳಿದೆ. ನಾಲ್ಕರಲ್ಲೂ ಪ್ಲಾಸ್ಟಿಕ್ಕಿನವೇ. ಹಸಿರು, ನೀಲಿ, ಜಾತ್ರೆ ಮಿಠಾಯಿಯಂಥ ಗುಲಾಬಿ. ಐದನೆಯ ಅಂಗಡಿಯಲ್ಲಿ, "ಈಚಲ ಪೊರಕೆ ಇಲ್ಲವೇನಪ್ಪಾ?" ಎಂದು ಕೇಳಿದೆ. ಅಂಗಡಿಯಾತ ಫೋನಿನಿಂದ ತಲೆ ಎತ್ತದೆ, "ಅವು ಈಗ ಬರಲ್ಲ ಮೇಡಂ. ಆನ್‌ಲೈನಲ್ಲಿ ನೋಡಿ, ಮನೆ ಅಲಂಕಾರಕ್ಕೆ ಅಂತ ಸಿಗ್ತವೆ," ಎಂದ.

ಅಲಂಕಾರಕ್ಕಂತೆ. ಯಾವನೋ ಪುಣ್ಯಾತ್ಮ ಈಚಲ ಪೊರಕೆಯನ್ನು ಗೋಡೆಗೆ ನೇತುಹಾಕಿ, ಅದರ ಕೆಳಗೆ ದೀಪ ಹಚ್ಚಿ, ಪ್ಲಾಸ್ಟಿಕ್ ಪೊರಕೆಯಲ್ಲಿ ನೆಲ ಗುಡಿಸುತ್ತಾನೆ. ನನಗೆ ಮೈಯೆಲ್ಲ ಉರಿಯಿತು. ಬರಿಗೈಲಿ ಮನೆಗೆ ಬಂದು ಚಪ್ಪಲಿ ಬಿಟ್ಟ ಸದ್ದಿಗೇ ನಮ್ಮ ಯಜಮಾನರು ಪೇಪರ್ ಮಡಿಚಿಟ್ಟರು. "ಒಂದು ಪೊರಕೆಗೆ ಇಷ್ಟು ಕೋಪವೇ?" ಎಂದರು. ಅವರಿಗೆ ಚೆನ್ನಾಗಿ ಗೊತ್ತು, ಇದು ಪೊರಕೆಯ ಕೋಪವಲ್ಲ ಎಂದು. ಆದರೂ ಕೇಳಿದರು. ಮೂವತ್ತು ವರ್ಷ ಜೊತೆಗಿದ್ದ ಗಂಡಸಿಗೆ ಯಾವ ಪ್ರಶ್ನೆ ಕೇಳಿದರೆ ಮಾತು ಮುಂದೆ ಹೋಗುವುದಿಲ್ಲ ಎಂಬುದೂ ಗೊತ್ತಿರುತ್ತದೆ.

ನಿಮಗಾದರೆ ಪೂರ್ತಿ ಹೇಳುತ್ತೇನೆ. ಆದರೆ ಪೊರಕೆಯಿಂದಲೇ ಶುರುಮಾಡಬೇಕು, ಸ್ವಲ್ಪ ತಾಳ್ಮೆ ಇರಲಿ.

ನಮ್ಮಪ್ಪ ಗದಗದ ಕಡೆಯವರು. ಕೆಜಿಎಫ್‌ನ ಕಾರ್ಖಾನೆಯಲ್ಲಿ ಫಿಟ್ಟರ್ ಕೆಲಸ ಸಿಕ್ಕಿತೆಂದು ಅವ್ವನನ್ನೂ, ಎರಡು ವರ್ಷದ ನನ್ನನ್ನೂ, ಒಂದು ಗೋಣಿ ಜೋಳವನ್ನೂ ಕಟ್ಟಿಕೊಂಡು ಇಲ್ಲಿಗೆ ಬಂದರು. ಕ್ವಾರ್ಟರ್ಸಿನ ಸಾಲಿನಲ್ಲಿ ನಮ್ಮ ಎಡಕ್ಕೆ ತಮಿಳರು, ಬಲಕ್ಕೆ ತೆಲುಗರು, ಎದುರಿಗೆ ಮಂಡ್ಯದವರು. ಬೆಳಗ್ಗೆ ಆರು ಗಂಟೆಗೆ ಸಾಲಿನ ಹೆಂಗಸರೆಲ್ಲ ಅಂಗಳ ಗುಡಿಸಲು ನಿಂತರೆ ಒಂದೇ ವಸ್ತುವಿಗೆ ನಾಲ್ಕು ಹೆಸರು. ಅವ್ವನಿಗೆ ಅದು ಕಸಬರಿಗಿ, ಎದುರು ಮನೆಗೆ ಪೊರಕೆ, ಎಡಕ್ಕೆ ತೊಡಪ್ಪ, ಬಲಕ್ಕೆ ಚೀಪುರು. ನಾನು ನಾಲ್ಕನ್ನೂ ಬೆರೆಸಿ ಮಾತಾಡುತ್ತಿದ್ದೆ. ಅವ್ವ ತಲೆ ಚಚ್ಚಿಕೊಳ್ಳುತ್ತಿದ್ದಳು.

ಗುಡಿಸುವುದಕ್ಕೆ ಅಲ್ಲಿ ಏನೂ ಕಡಿಮೆ ಇರಲಿಲ್ಲ. ಚಿನ್ನ ತೆಗೆದು ಮಿಕ್ಕ ಮಣ್ಣನ್ನು ಗಣಿಯವರು ಗುಡ್ಡದಂತೆ ಸುರಿದಿದ್ದರಲ್ಲ, ಸಯನೈಡ್ ದಿಬ್ಬಗಳು, ಗಾಳಿ ಎದ್ದರೆ ಅವು ಎದ್ದು ನಮ್ಮ ಮನೆಗೆ ಬರುತ್ತಿದ್ದವು. ತಟ್ಟೆಯ ಮೇಲೆ, ಹಾಸಿಗೆಯ ಮೇಲೆ, ಅವ್ವನ ರೊಟ್ಟಿಯ ಮೇಲೆ ಬೂದುಬಿಳಿ ಧೂಳು. ಹಲ್ಲಿಗೆ ಕರಕರ ಸಿಕ್ಕರೆ ಅಪ್ಪ, "ಬಂಗಾರ ಐತಿ, ನುಂಗು," ಎನ್ನುತ್ತಿದ್ದರು. ಆ ದಿಬ್ಬಗಳ ಮೇಲೆ ಹುಲ್ಲು ಬೆಳೆದದ್ದನ್ನು ನಾನು ಚಿಕ್ಕಂದಿನಲ್ಲಿ ನೋಡಿರಲಿಲ್ಲ. ಹೀಗಾಗಿ ಮನೆಗೊಂದು ಗಟ್ಟಿ ಪೊರಕೆ ಬೇಕೇ ಬೇಕಾಗಿತ್ತು. ಅದನ್ನು ತರುತ್ತಿದ್ದವಳು ಗಂಗಮ್ಮ.

ಗಂಗಮ್ಮನ ಊರು ಬಂಗಾರಪೇಟೆಯಿಂದ ಬೂದಿಕೋಟೆಗೆ ಹೋಗುವ ದಾರಿಯಲ್ಲಿ, ಒಂದು ಕೆರೆಯ ಕೆಳಗೆ. ತಿಂಗಳಿಗೊಂದು ಸಲ ತಲೆಯ ಮೇಲೆ ಪೊರಕೆಯ ಹೊರೆ ಹೊತ್ತು, ಬಂಗಾರಪೇಟೆಯಲ್ಲಿ ಕೆಜಿಎಫ್ ಕಡೆಗೆ ಬರುವ ಮಾರಿಕುಪ್ಪಂ ರೈಲು ಹತ್ತಿ ಬರುತ್ತಿದ್ದಳು. ಮೊದಲು ಚಾಂಪಿಯನ್ ರೀಫ್ಸ್‌ನ ಗಣಿ ಲೈನುಗಳಲ್ಲಿ, ಅಂದರೆ ಕಾರ್ಮಿಕರ ಸಾಲುಮನೆಗಳಲ್ಲಿ ಮಾರಿ, ಮಿಕ್ಕದ್ದನ್ನು ನಮ್ಮ ಕ್ವಾರ್ಟರ್ಸಿಗೆ ತರುವಳು. ಆಗ ಅವಳಿಗೆ ಇಪ್ಪತ್ತೆರಡೋ ಇಪ್ಪತ್ತಮೂರೋ. ಲೈನುಗಳಲ್ಲಿ ತಮಿಳು, ಬಲಗಡೆ ಮನೆಯಲ್ಲಿ ತೆಲುಗು, ನಮ್ಮ ಮನೆಯಲ್ಲಿ ಅವ್ವನ ಕನ್ನಡ ಕೇಳಿ ಬಾಯಿಗೆ ಸೆರಗು ಅಡ್ಡ ಹಿಡಿದು ನಗುವುದು. ಅವ್ವನಿಗೆ ಅವಳಿಟ್ಟ ಹೆಸರು 'ಕಸಬರಿಗಿ ಅಮ್ಮ'.

ಅವ್ವ ಪೊರಕೆಯನ್ನು ಅಂಗೈ ಮೇಲೆ ನಾಲ್ಕು ಸಲ ಬಡಿದು ನೋಡುವಳು. "ಏನವಾ ಗಂಗಮ್ಮ, ಈ ಸಲ ಸಣ್ಣ ಮಾಡೀಯಲ್ಲ."

"ಇಲ್ಲಮ್ಮ, ನಿಮ್ ಕೈ ದೊಡ್ದಾಗದೆ," ಎನ್ನುವಳು ಗಂಗಮ್ಮ.

ನನಗೆ ಒಂದು ಅನುಮಾನವಿತ್ತು. ಪೊರಕೆ ಎಂಬುದು ಗಿಡದಲ್ಲಿ ಹಾಗೆಯೇ, ಕಟ್ಟಿದ ಹಾಗೆಯೇ ಬೆಳೆಯುತ್ತದೆಯೋ ಹೇಗೆ ಎಂದು. ಹತ್ತು ವರ್ಷದವಳಿಗೆ ಬರಬೇಕಾದ ಅನುಮಾನವಲ್ಲ, ಒಪ್ಪುತ್ತೇನೆ. ಆದರೆ ಸಯನೈಡ್ ದಿಬ್ಬದ ಪಕ್ಕದಲ್ಲಿ ಬೆಳೆದವಳಿಗೆ ಗಿಡಮರದ ತಿಳಿವಳಿಕೆ ಅಷ್ಟೇ. ಗಂಗಮ್ಮನನ್ನು ಕೇಳಿಯೇಬಿಟ್ಟೆ. ಅವಳು ನಗಲಿಲ್ಲ. "ಬಾ ಪಾಪಾ, ಎಲ್ಲಿ ಬೆಳೀತದೆ ಅಂತ ತೋರುಸ್ತೀನಿ," ಎಂದಳು. ಬೇಸಿಗೆ ರಜೆಯ ಒಂದು ಭಾನುವಾರ ಅಪ್ಪ ನನ್ನನ್ನು ಕರೆದುಕೊಂಡು ಹೋದರು.

ಬಸ್ಸಿಳಿದು ಕೆರೆಯ ಏರಿ ಹತ್ತಿದಾಗ ನೆಲವೆಲ್ಲ ಸುಟ್ಟ ಬೆಲ್ಲದ ಬಣ್ಣ. ಏರಿಯ ಆ ಕಡೆ ನೋಡಿದರೆ ತಗ್ಗಿನಲ್ಲಿ ಒಂದು ಹಸಿರು ಪಟ್ಟಿ. ಅದೇ ಈಚಲ ವಂಕ. ಹಳ್ಳಕ್ಕೆ ನಮ್ಮ ಈ ಗಡಿ ಸೀಮೆಯಲ್ಲಿ ವಂಕ ಎನ್ನುತ್ತಾರೆ, ತೆಲುಗಿನಿಂದ ಬಂದದ್ದು. ಕೆರೆಯ ನೀರು ನೆಲದೊಳಗೇ ಒಸರಿ ಬಂದು ಅಲ್ಲಿ ನಿಲ್ಲುತ್ತಿತ್ತು. ಮೊಣಕಾಲುದ್ದದ ಜೌಗು, ಅದರಲ್ಲಿ ಕಿಕ್ಕಿರಿದು ನಿಂತ ಈಚಲ ಮರಗಳು. ಹಳದಿ ಕಾಯಿಗೊನೆಗಳು. ಗರಿಯ ತುದಿತುದಿಗೆ ಗೀಜಗನ ಗೂಡು ತೂಗಾಡುತ್ತಾ, ನೂರಾರು ಹಕ್ಕಿಗಳು ಒಟ್ಟಿಗೆ ಜಗಳಾಡುವ ಗದ್ದಲ. ಎಮ್ಮೆಗಳು ಕೊಂಬು ಮಾತ್ರ ಕಾಣುವಂತೆ ಕೆಸರಲ್ಲಿ ಮಲಗಿದ್ದವು. ಕಪ್ಪೆ, ಏಡಿ, ಹೆಸರು ಗೊತ್ತಿಲ್ಲದ ನೀಲಿ ಹುಳ. ಕಡು ಬೇಸಿಗೆಯಲ್ಲಿ.

ನಾನು ಹೊಸ ಚಪ್ಪಲಿ ಹಾಕಿಕೊಂಡು ಠೀವಿಯಿಂದ ಇಳಿದೆ. ಮೂರನೆಯ ಹೆಜ್ಜೆಗೆ ಬಲಗಾಲಿನ ಚಪ್ಪಲಿಯನ್ನು ನೆಲ ನುಂಗಿತು. ಅಪ್ಪ ಕೈ ಹಾಕಿ ಹುಡುಕಿದರು, ಗಂಗಮ್ಮ ಹುಡುಕಿದಳು, ಸಿಗಲಿಲ್ಲ. ಸಂಜೆ ಒಂಟಿ ಚಪ್ಪಲಿಯಲ್ಲಿ ರೈಲು ಹತ್ತಿ ಬಂದೆ. ಆದರೆ ಅದಕ್ಕೂ ಮೊದಲು ಗಂಗಮ್ಮ ಎರಡು ವಿಷಯ ತೋರಿಸಿದಳು. ಒಂದು, ಒಣಗಿದಂತೆ ಕಂಡ ಅಂಚಿನ ಮಣ್ಣನ್ನು ಕೈಯಲ್ಲೇ ಮೊಳದುದ್ದ ತೋಡಿದಳು. ಎರಡು ನಿಮಿಷದಲ್ಲಿ ಗುಂಡಿಯ ತುಂಬ ತಿಳಿನೀರು. "ಇದು ಊಟೆ. ಒಳಗಿಂದ ಬತ್ತದೆ. ಮರದ ಬೇರು ಇಡ್ಕೊಂಡಿರೋದು," ಎಂದಳು. ಬೊಗಸೆಯಲ್ಲಿ ಕುಡಿಸಿದಳು. ತಣ್ಣಗೆ, ಸ್ವಲ್ಪ ಕಬ್ಬಿಣದ ರುಚಿ. ಇನ್ನೊಂದು, ಗರಿ ಕೊಯ್ಯುವ ಬಗೆ. ಕೆಳಗಿನ ಸುತ್ತಿನ ಗರಿ ಮಾತ್ರ. ನಡುವಿನ ಸುಳಿಯ ಹತ್ತಿರ ಕುಡುಗೋಲು ಹೋಗಬಾರದು. "ಸುಳಿ ಮುಟ್ಟುದ್ರೆ ಮರ ಸಾಯ್ತದೆ. ನಮ್ಮತ್ತೆ ನಂಗೆ ಏಳ್ಕೊಟ್ಟಿದ್ದು ಇದೊಂದೇ," ಎಂದಳು. ಅವಳ ಅತ್ತೆ ಇನ್ನೂ ಹಲವು ವಿಷಯ ಹೇಳಿದ್ದಿರಬೇಕು, ಸೊಸೆ ನೆನಪಿಟ್ಟುಕೊಂಡದ್ದು ಇದೊಂದು.

ಈ ಮರಕ್ಕೆ ಕನ್ನಡದಲ್ಲಿ ಈಚಲು, ತೆಲುಗಿನಲ್ಲಿ ಈತ, ತಮಿಳಿನಲ್ಲಿ ಈಚ್ಚ. ಪೊರಕೆಗೆ ನಾಲ್ಕು ಹೆಸರಿಟ್ಟುಕೊಂಡು ನಗಾಡಿದ ನಮ್ಮ ಸಾಲಿನವರು ಮರದ ವಿಷಯಕ್ಕೆ ಬಂದರೆ ಎಲ್ಲರೂ ಹೆಚ್ಚುಕಡಿಮೆ ಒಂದೇ ಮಾತಾಡುತ್ತಿದ್ದರು. ನನಗೆ ಇದು ಹೊಳೆದದ್ದು ಬಹಳ ತಡವಾಗಿ.

ನಾನೂ ಅದೇ ಕಾರ್ಖಾನೆಯಲ್ಲಿ ಸ್ಟೋರ್ಸ್ ವಿಭಾಗಕ್ಕೆ ಸೇರಿದೆ. ಅಲ್ಲಿಯೇ ಕೆಲಸ ಮಾಡುತ್ತಿದ್ದವರನ್ನು ಮದುವೆಯಾದೆ. ಒಂದು ಕ್ವಾರ್ಟರ್ಸಿನಿಂದ ಇನ್ನೊಂದಕ್ಕೆ ಹೋದೆ. ಗಂಗಮ್ಮ ಅಲ್ಲಿಗೂ ಬಂದಳು. ನನ್ನ ಅಂಗೈ ಮೇಲೂ ಪೊರಕೆ ಬಡಿಸಿದಳು. ಕೆಲವು ವರ್ಷದ ಹಿಂದೆ ಮಂಡಿನೋವೆಂದು ರೈಲು ಹತ್ತುವುದನ್ನು ನಿಲ್ಲಿಸಿದಳು. ನಾನು ಒಂದು ಸಲವೂ ಹೋಗಿ ನೋಡಲಿಲ್ಲ. ಆಗಲೇ ನಾನೂ ಪ್ಲಾಸ್ಟಿಕ್ ಪೊರಕೆ ಕೊಂಡೆ. ಈಗ ಅಂಗಡಿಯವನ ಮೇಲೆ ಹರಿಹಾಯುವ ನಾನೇ.

ಕಾರ್ಖಾನೆಯ ನೌಕರರಿಗೆಲ್ಲ ಒಂದೇ ಚಿಂತೆ. ನಿವೃತ್ತಿಯಾದರೆ ಕ್ವಾರ್ಟರ್ಸ್ ಬಿಡಬೇಕು. ನಮ್ಮ ಯಜಮಾನರು ಗೋಡೆಗೊಂದು ಮೊಳೆ ಹೊಡೆಯುವುದಕ್ಕೂ ಎಸ್ಟೇಟ್ ಆಫೀಸಿಗೆ ಅರ್ಜಿ ಬರೆದವರು. "ನಂದೇ ಗೋಡೆ, ನಂದೇ ಮೊಳೆ" ಎನ್ನುವುದು ಅವರ ಬದುಕಿನ ದೊಡ್ಡ ಕನಸು. ಅವರು ನನಗಿಂತ ಮೊದಲು ನಿವೃತ್ತರಾದರು. ಕ್ವಾರ್ಟರ್ಸ್ ನನ್ನ ಹೆಸರಿನಲ್ಲಿ ಮುಂದುವರಿಯಿತು. ಅಷ್ಟರಲ್ಲಿ ನಮ್ಮಲ್ಲೇ ಕೆಲವರು ಸೇರಿ ಒಂದು ಗೃಹ ನಿರ್ಮಾಣ ಸಂಘ ಮಾಡಿದರು. ಕಾರ್ಯದರ್ಶಿ ನನ್ನ ವಿಭಾಗದ ಮೂರ್ತಿ. ಎಲ್ಲರ ಮನೆಯ ಮದುವೆ ಮುಂಜಿಗೂ ಓಡಾಡುವ, ಆಸ್ಪತ್ರೆಗೆ ರಕ್ತ ಕೊಡುವ ಒಳ್ಳೆಯ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಅವನ ಮೇಲೆ ಕೂಗಾಡುವಾಗ ಮರೆತುಹೋಗುತ್ತದೆ. ಸಂಘ ಬಂಗಾರಪೇಟೆಯ ಹೊರಗೆ ಬಡಾವಣೆ ಮಾಡುತ್ತದೆ ಎಂದ. ನನ್ನ ಹೆಸರಿನಲ್ಲಿ ನಾವೂ ಸೇರಿದೆವು. ಬಡಾವಣೆಯ ಹೆಸರಿನಲ್ಲಿ 'ಪಾಮ್' ಎಂಬ ಪದವಿತ್ತು. ಪೂರ್ತಿ ಹೆಸರು ಬರೆದರೆ ನನ್ನ ರಕ್ತದೊತ್ತಡಕ್ಕೆ ಒಳ್ಳೆಯದಲ್ಲ. ಬಣ್ಣದ ಹಾಳೆಯಲ್ಲಿ ತಾಳೆಯಂಥ ಎರಡು ಮರ, ಅದರ ಕೆಳಗೆ ಬಿಳಿ ಬೆಂಚು, ಬೆಂಚಿನ ಮೇಲೆ ನಮ್ಮ ಊರಿನಲ್ಲಿ ಯಾರೂ ಹಾಕದ ಟೋಪಿ ಹಾಕಿದ ಒಬ್ಬ ಹೆಂಗಸು.

ಸೈಟು ಹಂಚಿಕೆಯಾದ ಮೇಲೆ ನೋಡಿಕೊಂಡು ಬರೋಣ ಎಂದು ನಾವಿಬ್ಬರೂ ಸ್ಕೂಟರಿನಲ್ಲಿ ಹೋದೆವು. ಬೂದಿಕೋಟೆಯ ರಸ್ತೆ. ಕೆರೆಯ ಏರಿ ಕಂಡಾಗಲೂ ನನಗೆ ತಿಳಿಯಲಿಲ್ಲ. ಏರಿ ದಾಟಿ ತಗ್ಗಿಗೆ ತಿರುಗಿದಾಗ ತಿಳಿಯಿತು.

ಹಸಿರು ಇರಲಿಲ್ಲ. ಎಲ್ಲಿಂದಲೋ ತಂದು ಸುರಿದ ಕಟ್ಟಡದ ಭಗ್ನಾವಶೇಷ, ಇಟ್ಟಿಗೆ ಚೂರು, ಬಾತ್‌ರೂಮಿನ ಟೈಲ್ಸು. ಅದರ ನಡುವೆ ಜೆಸಿಬಿ. ಆಳುದ್ದದ ಗುಂಡಿಗಳ ಸಾಲು. ಗುಂಡಿಯ ಪಕ್ಕದಲ್ಲಿ ಕಡಿದು ಎಸೆದ ಗರಿಗಳು, ಕೆಲವುಗಳ ತುದಿಯಲ್ಲಿ ಗೀಜಗನ ಗೂಡು ಹಾಗೆಯೇ ಇತ್ತು. ದೂರದ ಮೂಲೆಯಲ್ಲಿ ಮೂರು ಈಚಲ ಮರ ಮಾತ್ರ ನಿಂತಿದ್ದವು. ಒಬ್ಬ ಮುದುಕಿ ಬಗ್ಗಿ ಗರಿ ಆಯುತ್ತಿದ್ದಳು.

ನಾನು ಹತ್ತಿರ ಹೋಗಿ, "ಗಂಗಮ್ಮ?" ಎಂದೆ.

ಅವಳು ನಿಧಾನಕ್ಕೆ ಸೊಂಟ ನೆಟ್ಟಗೆ ಮಾಡಿ, ಕಣ್ಣು ಕಿರಿದಾಗಿಸಿ ನೋಡಿದಳು. "ಕಸಬರಿಗಿ ಅಮ್ಮನ ಮಗಳಲ್ವಾ ನೀನು?"

"ಹೌದು ಗಂಗಮ್ಮ. ಏನು ಮಾಡ್ತಿದ್ದೀಯ ಇಲ್ಲಿ?"

"ಕಿತ್ತು ಬಿಸಾಕಿರೋ ಗರಿ ಆಯ್ಕೊಂತಾ ಇವ್ನಿ ಪಾಪಾ. ತೀರಾ ಒಣಗೋದ್ರೆ ಪರಕೆಗಾಗಲ್ಲ."

"ಮರಗಳೆಲ್ಲ ಎಲ್ಲಿ?"

"ಲಾರಿಗಾಕ್ಕೊಂಡ್ ಓದ್ರು. ಬೆಂಗಳೂರ್ ಕಡೆ ಅದ್ಯಾವ್ದೋ ರಿಸಾಲ್ಟಂತೆ, ಬಾಗ್ಲಲ್ಲಿ ನಿಲ್ಸಕ್ಕಂತೆ. ಎಣ್ಣು ಮರ ಯಾವ್ದು, ಗಂಡು ಮರ ಯಾವ್ದು ಅಂತ್ಲೂ ಕೇಳ್ಲಿಲ್ಲ. ಉದ್ದ ನೋಡಿ ಎತ್ತಾಕಿದ್ರು." ಅವಳ ದನಿಯಲ್ಲಿ ಏರಿಳಿತವೇ ಇರಲಿಲ್ಲ. "ನೀನೇನ್ ಇಲ್ಲಿಗೆ ಬಂದೆ?"

"ಸುಮ್ನೆ, ನೋಡೋಣ ಅಂತ," ಎಂದೆ ನಾನು. ಹಿಂದಿನಿಂದ ಬಂದ ನಮ್ಮವರು, ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ, "ಸೈಟು ನೋಡೋಕೆ ಬಂದ್ವಿ," ಎಂದರು.

ಗಂಗಮ್ಮ ನನ್ನನ್ನೇ ನೋಡಿದಳು. "ಯಾವ್ದು ನಿಂದು?"

ನಮ್ಮವರು ಕೈಯಲ್ಲಿದ್ದ ನಕ್ಷೆ ತಿರುಗಿಸಿ ತಿರುಗಿಸಿ, ಮೂಲೆಯ ಕಲ್ಲು ತೋರಿಸಿದರು. ಆ ಮೂರು ಮರಗಳಿದ್ದ ಜಾಗ.

"ಅಲ್ಲಿ ನಡೂದು ಎಣ್ಣು ಮರ," ಎಂದಳು ಗಂಗಮ್ಮ. "ನಮ್ಮತ್ತೆ ಕಾಲದ್ದು. ಅಲ್ಲಿ ಊಟೆ ಜಾಸ್ತಿ, ಗಾಡಿ ಊತ್ಕೊಂತದೆ ಅಂತ ಕೊನೇಗಿಟ್ಟವ್ರೆ." ಮತ್ತೆ ಬಗ್ಗಿ ಗರಿ ಆಯತೊಡಗಿದಳು.

ಆ ದಿನದ ಕೋಪವನ್ನು ಹೇಗೆ ಹೇಳಲಿ. ನಾಚಿಕೆಯಾದಾಗ ಕೆಲವರು ಅಳುತ್ತಾರೆ. ನಾನು ಕೂಗಾಡುವವಳು. ವಾಪಸು ಬರುವಾಗ ಸ್ಕೂಟರಿನ ಹಿಂದೆ ಕೂತು ಬಂಗಾರಪೇಟೆಯವರೆಗೂ ಬೈದೆ. ಸಂಘವನ್ನು, ಮೂರ್ತಿಯನ್ನು, ರಿಸಾರ್ಟಿನವರನ್ನು, ಜೆಸಿಬಿ ಕಂಡುಹಿಡಿದವನನ್ನು. ನಮ್ಮವರ ಹೆಲ್ಮೆಟ್ಟಿಗೆ ಎಷ್ಟು ತಲುಪಿತೋ ಗೊತ್ತಿಲ್ಲ. ಒಂದು ಊರಿನ ನೀರಿನ ಮೂಲವನ್ನು ಟೈಲ್ಸ್ ಚೂರಿನಿಂದ ಮುಚ್ಚಿ, ಅದರ ಮೇಲೆ ಮನೆ ಕಟ್ಟಿ, ಆ ಮನೆಗಳಿಗೆ ಟ್ಯಾಂಕರಿನಲ್ಲಿ ನೀರು ತರಿಸುವ ಯೋಜನೆ. ಬದುಕಿದ್ದ ಪಾಮ್ ಕಿತ್ತು ಹಾಕಿ ಬೋರ್ಡಿನ ಮೇಲೆ ಪಾಮ್ ಬರೆಸುವ ಯೋಜನೆ. ಇದನ್ನು ಮಾಡಿದವರು ಓದುಬರಹ ಬಲ್ಲವರು, ಯಂತ್ರಗಳ ನಕ್ಷೆಯಲ್ಲಿ ಕೂದಲೆಳೆಯಷ್ಟು ತಪ್ಪಿದ್ದರೂ ಹಿಡಿಯುವವರು. ಅವರಲ್ಲಿ ನಾನೂ ಒಬ್ಬಳು. ಎಲ್ಲಿ ಎಂದು ಕೇಳದೆ ಸಹಿ ಹಾಕಿದವಳು.

ಮರುವಾರ ರಜೆ ಹಾಕಿ ಬಂಗಾರಪೇಟೆಯ ತಾಲ್ಲೂಕು ಕಚೇರಿಗೆ ಹೋದೆ. ಹಳೆಯ ಗ್ರಾಮನಕ್ಷೆ ಕೇಳಿದೆ. ಮೂರು ಸಲ ಅಲೆದಾಡಿಸಿ ಕೊಟ್ಟರು. ಅದರಲ್ಲಿ ವಂಕ ಸ್ಪಷ್ಟವಾಗಿತ್ತು, ಎರಡು ಗೆರೆಗಳ ನಡುವೆ. ಅಕ್ಕಪಕ್ಕದ ಜಾಗದ ಮೇಲೆ ದುಂಡನೆಯ ಹಳೆಯ ಅಕ್ಷರದಲ್ಲಿ 'ಸೇಂದಿವನ, ಖರಾಬು' ಎಂದು ಬರೆದಿತ್ತು. ಹಿಂದೆ ಹೆಂಡ ಇಳಿಸುವ ಈಚಲ ತೋಪುಗಳನ್ನು ಹಾಗೆ ಬರೆಯುತ್ತಿದ್ದರಂತೆ, ಸರ್ಕಾರದ ಜಾಗವೆಂದು. ನನಗೆ ನಿಧಿ ಸಿಕ್ಕಿದಂತಾಯಿತು. ಓಡಿ ಹೋಗಿ ಅಧಿಕಾರಿಯ ಮೇಜಿನ ಮೇಲೆ ಹರಡಿದೆ.

ಅವರು ಕನ್ನಡಕ ಏರಿಸಿ ನೋಡಿದರು. ಕೆಟ್ಟ ಮನುಷ್ಯರಲ್ಲ, ನನಗೆ ಕುರ್ಚಿ ಹಾಕಿಸಿದ್ದರು. "ಸೇಂದಿ ಇಳಿಸುವುದೇ ನಿಷೇಧವಾಗಿದೆಯಲ್ಲಮ್ಮ," ಎಂದರು. "ಸೇಂದಿಯೇ ಇಲ್ಲದ ಮೇಲೆ ಸೇಂದಿವನ ಎಲ್ಲಿಂದ ಬಂತು?"

"ಸೇಂದಿ ಇಲ್ಲದಿದ್ದರೂ ಮರ ಇದ್ದವಲ್ಲ ಸಾರ್."

"ಈಗ ಇವೆಯಾ?"

"ಕಿತ್ತುಬಿಟ್ಟಿದ್ದಾರೆ. ಅದಕ್ಕೇ ಬಂದಿದ್ದು."

"ಹಾಗಾದರೆ ಇಲ್ಲ," ಎಂದು ನಕ್ಷೆ ಮಡಿಚಿ ನನ್ನ ಕಡೆ ಸರಿಸಿದರು. "ಜಾಗದ ದಾಖಲೆ ಬದಲಾವಣೆಯಾಗಿ ಎಷ್ಟೋ ಕಾಲವಾಯ್ತು. ಖರಾಬಿನಲ್ಲಿ ಏನಿರುತ್ತೆ ಹೇಳಿ? ಕೆಸರು, ಸೊಳ್ಳೆ."

ಖರಾಬು. ಈ ಪದವನ್ನು ಯಾವ ಪುಣ್ಯಾತ್ಮ ನಮ್ಮ ದಾಖಲೆಗೆ ತಂದನೋ. ಕಂದಾಯ ಬಾರದ ನೆಲವೆಲ್ಲ ಕೆಟ್ಟ ನೆಲ. ಎಮ್ಮೆ ಮಲಗುವುದು, ಗೀಜಗ ಗೂಡು ಕಟ್ಟುವುದು, ಕಡು ಬೇಸಿಗೆಯಲ್ಲಿ ಮೊಳದುದ್ದ ತೋಡಿದರೆ ನೀರು ಬರುವುದು, ಒಬ್ಬ ಹೆಂಗಸು ಐವತ್ತು ವರ್ಷ ಸುಳಿ ಮುಟ್ಟದೆ ಗರಿ ಕೊಯ್ದು ಸಂಸಾರ ನಡೆಸುವುದು, ಇವೆಲ್ಲ ನಡೆಯುವ ಜಾಗಕ್ಕೆ ಖರಾಬು. ನಮ್ಮ ಮನೆಯ ರೊಟ್ಟಿಯ ಮೇಲೆ ವಿಷದ ಧೂಳು ಸುರಿದ ಜಾಗಕ್ಕೆ ಮಾತ್ರ ಚಿನ್ನದ ಗಣಿ. ಇದನ್ನೆಲ್ಲ ಅವರಿಗೆ ಹೇಳಿದೆನೇ ಎಂದರೆ, ಇಲ್ಲ. ಥ್ಯಾಂಕ್ಸ್ ಹೇಳಿ ಎದ್ದು ಬಂದೆ. ನನಗೆ ಒಳ್ಳೆಯ ಮಾತುಗಳು ಹೊಳೆಯುವುದು ಯಾವಾಗಲೂ ಮೆಟ್ಟಿಲಿಳಿದ ಮೇಲೆ.

ಆದ್ದರಿಂದ ಸಂಘದ ಸಭೆಗೆ ಹೋಗುವಾಗ ಮಾತುಗಳನ್ನು ಮೊದಲೇ ಬರೆದುಕೊಂಡು ಹೋದೆ. ಕಾರ್ಖಾನೆಯ ಕ್ಲಬ್ಬಿನ ಸಭಾಂಗಣ. ಎಲ್ಲ ಪರಿಚಯದ ಮುಖಗಳೇ. ನಾನು ನಕ್ಷೆ ಎತ್ತಿ ಹಿಡಿದು ವಂಕ ತೋರಿಸಿದೆ. ಊಟೆಯ ವಿಷಯ ಹೇಳಿದೆ. ಮಿಕ್ಕ ಜೌಗನ್ನಾದರೂ ಹಾಗೇ ಬಿಡೋಣ, ಆ ಕಡೆಯ ಸೈಟುಗಳನ್ನು ಕೈಬಿಡೋಣ ಎಂದೆ. ಗಂಗಮ್ಮನ ಹೆಸರು ಬಂದಾಗ ಹಾಳೆಯ ಸಾಲು ತಪ್ಪಿ, ಒಂದೇ ವಾಕ್ಯವನ್ನು ಎರಡು ಸಲ ಓದಿದೆ. ಅದು ನನಗೇ ಸಿಟ್ಟು ತರಿಸಿತು.

ಮೂರ್ತಿ ಸಮಾಧಾನದಿಂದಲೇ ಕೇಳಿದ. "ಮೇಡಂ, ನೀವು ಹೇಳೋದು ಸರಿ. ಆದ್ರೆ ಆ ಸೈಟು ಬಂದಿರೋರು ಎಲ್ಲಿಗೆ ಹೋಗ್ಬೇಕು? ಕ್ವಾರ್ಟರ್ಸ್ ಬಿಡಿ ಅಂತ ನೋಟಿಸ್ ಬಂದಾಗ ಈಚಲ ಮರದ ಕೆಳಗೆ ಮಲಗೋಕಾಗುತ್ತಾ?"

ಸಭೆಯಲ್ಲಿ ನಗು. ನಕ್ಕವರಲ್ಲಿ ನನ್ನ ಪಕ್ಕದ ಮೇಜಿನಲ್ಲಿ ಇಪ್ಪತ್ತು ವರ್ಷ ಡಬ್ಬಿ ಹಂಚಿಕೊಂಡು ತಿಂದವರೂ ಇದ್ದರು.

"ನೀರು ಬರುವ ಜಾಗದಲ್ಲಿ ಮನೆ ಕಟ್ಟಿದರೆ ಮನೆಯೊಳಗೆ ನೀರು ಬರುತ್ತೆ," ಎಂದೆ.

"ಡ್ರೈನೇಜ್ ಮಾಡ್ತೀವಿ. ಬೇಕಾದ್ರೆ ನಿಮ್ಮ ಸೈಟಲ್ಲಿರೋ ಮೂರು ಮರ ನೀವಿಟ್ಕೊಳಿ ಮೇಡಂ, ನಿಮ್ಮ ಸೈಟು ನಿಮ್ಮಿಷ್ಟ. ಯಾರು ಬೇಡ ಅಂದ್ರು?"

ಅವನು ಆ ಮಾತನ್ನು ಹಾಸ್ಯಕ್ಕೆ ಹೇಳಿದನೋ ನಿಜಕ್ಕೆ ಹೇಳಿದನೋ ನನಗೆ ಈಗಲೂ ಗೊತ್ತಿಲ್ಲ. ಆಗ ಮಾತ್ರ ಅದು ಭಿಕ್ಷೆಯಂತೆ ಕೇಳಿಸಿತು. ಇಡೀ ವಂಕ ನುಂಗಿ, ಮೂರು ಮರ ನಿನಗಿರಲಿ ಎಂದಂತೆ. ಕೈಯಲ್ಲಿದ್ದ ಹಾಳೆಯ ಹಿಂದೆಯೇ, ನಿಂತ ನಿಲುವಿನಲ್ಲೇ ಬರೆದೆ. ನನಗೆ ಹಂಚಿಕೆಯಾದ ಸೈಟನ್ನು ಈ ಮೂಲಕ ಸಂಘಕ್ಕೆ ಹಿಂದಿರುಗಿಸುತ್ತಿದ್ದೇನೆ. ಸಹಿ. ಮೂರ್ತಿಯ ಮುಂದಿಟ್ಟು, "ಈ ಪಾಪದಲ್ಲಿ ನನಗೆ ಪಾಲು ಬೇಡ," ಎಂದು ಹೇಳಿ ಹೊರಗೆ ನಡೆದೆ.

ಆ ಸಂಜೆ ನಾನು ಕ್ಲಬ್ಬಿನಿಂದ ಮನೆಗೆ ನಡೆದು ಬಂದ ರೀತಿ ನೆನೆಸಿಕೊಂಡರೆ ಈಗ ಕಿವಿ ಬಿಸಿಯಾಗುತ್ತದೆ. ಬೆನ್ನು ನೆಟ್ಟಗೆ, ಗಲ್ಲ ಮೇಲಕ್ಕೆ. ಮೆರವಣಿಗೆಯೊಂದು ಹಿಂದೆ ಬರುತ್ತಿರುವಂತೆ. ಹಿಂದೆ ಬರುತ್ತಿದ್ದವರು ನಮ್ಮವರೊಬ್ಬರೇ. ಮನೆಗೆ ಬಂದು ನೀರು ಕುಡಿದು, "ನನ್ನನ್ನೊಂದು ಮಾತು ಕೇಳಬಹುದಿತ್ತು," ಎಂದರು. ಅಷ್ಟೇ. ಆಮೇಲೆ ಒಂಬತ್ತು ದಿನ ಉಪ್ಪು ಬೇಕಾದರೂ ಎದ್ದು ಹೋಗಿ ತಾವೇ ತಂದುಕೊಂಡರು. ನಾನು ಅದನ್ನು ತ್ಯಾಗದ ಒಂದು ಭಾಗವೆಂದೇ ತಿಳಿದೆ.

ನಾನು ನಿವೃತ್ತಳಾದೆ. ಬಂಗಾರಪೇಟೆಯಲ್ಲಿ, ರೈಲ್ವೆ ಗೇಟಿನ ಹತ್ತಿರ, ಒಂದು ಬಾಡಿಗೆ ಮನೆಯ ಮಹಡಿಗೆ ಬಂದೆವು. ಗೋಡೆಗೆ ಮೊಳೆ ಹೊಡೆಯಬಾರದು ಎಂದು ಮಾಲೀಕರು ಮೊದಲ ದಿನವೇ ಹೇಳಿದರು. ನಮ್ಮವರು ನನ್ನ ಮುಖ ನೋಡಲಿಲ್ಲ.

ಒಂದು ದಿನ ಬೆಂಗಳೂರಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಿದ್ದೆ. ಹೆದ್ದಾರಿಯ ಬದಿಯಲ್ಲಿ ಒಂದು ದೊಡ್ಡ ಕಮಾನು, ಅದರ ಎರಡೂ ಕಡೆ ಸಾಲಾಗಿ ಈಚಲ ಮರಗಳು. ಬಿದಿರಿನ ಊರುಗೋಲು ಕೊಟ್ಟು ನಿಲ್ಲಿಸಿದ್ದರು. ಕಾಂಡಕ್ಕೆಲ್ಲ ಬಣ್ಣದ ಬಲ್ಬಿನ ಸರ ಸುತ್ತಿದ್ದರು. ಅರ್ಧಕ್ಕರ್ಧ ಮರಗಳ ಸುಳಿ ಒಣಗಿ ಬಾಗಿತ್ತು, ಗರಿಗಳು ಕಂದಿ ಕೆಳಗೆ ಜೋತಿದ್ದವು. ಸತ್ತ ಮರಕ್ಕೂ ಬಲ್ಬಿನ ಸರ. ನಮ್ಮ ವಂಕದವೇ ಹೌದೋ ಅಲ್ಲವೋ, ನನಗೆ ಹೇಳಲು ಬರುವುದಿಲ್ಲ. ಯಾವುದೋ ಒಂದು ವಂಕದವು. ಪಕ್ಕದಲ್ಲಿ ಕೂತಿದ್ದ ಹುಡುಗಿ ಕಿಟಕಿಯಿಂದ ಫೋನ್ ಚಾಚಿ ಕಮಾನಿನ ಫೋಟೊ ತೆಗೆದಳು. ಅವಳನ್ನೂ ಮನಸ್ಸಿನಲ್ಲೇ ಬೈದೆ. ಅವಳು ನನಗೆ ಚಾಕಲೇಟ್ ಕೊಟ್ಟಳು.

ಅದಾದ ಮೇಲೆ ಗಂಗಮ್ಮನನ್ನು ನೋಡಬೇಕೆನಿಸಿತು. ಸಂತೋಷದ ಸುದ್ದಿಯೊಂದನ್ನು ಹೇಳದೆ ಇಟ್ಟುಕೊಂಡಿದ್ದೇನೆ ಎಂಬ ಭಾವ ನನಗೆ. ನಾನು ಸೈಟು ಬಿಟ್ಟದ್ದು ಅವಳಿಗೆ ತಿಳಿಯಬೇಕಿತ್ತು. ಇನ್ನಾರೂ ಮೆಚ್ಚದಿದ್ದರೂ ಅವಳು ಮೆಚ್ಚುತ್ತಾಳೆ. ನಿಜ ಹೇಳಬೇಕೆಂದರೆ ಅವಳು ಏನು ಹೇಳಬಹುದು ಎಂಬುದನ್ನೂ ಬಸ್ಸಿನಲ್ಲಿ ಕೂತು ಕಲ್ಪಿಸಿಕೊಂಡಿದ್ದೆ. 'ನೀನು ಕಸಬರಿಗಿ ಅಮ್ಮನ ಮಗಳೇ ಸರಿ' ಎಂದೋ ಏನೋ.

ದಾರಿಯಲ್ಲಿ ಬಡಾವಣೆಯ ಮುಂದೆಯೇ ಇಳಿದೆ. ಟಾರು ರಸ್ತೆ, ದೀಪದ ಕಂಬ, ಪಾಮ್ ಎಂದು ಬರೆದ ಕಮಾನು. ಮೂಲೆಯ ಸೈಟಿಗೆ ಹೋದೆ. ಮೂರು ಮರಗಳಿದ್ದ ಕಡೆ ಮೂರು ಗುಂಡಿ. ಹಿಂದಿನ ದಿನವೋ ಅದರ ಹಿಂದಿನ ದಿನವೋ ಕಿತ್ತಿದ್ದಿರಬೇಕು, ಮಣ್ಣು ಇನ್ನೂ ಹಸಿಯಾಗಿತ್ತು. ಗುಂಡಿಗಳಲ್ಲಿ ಅಂಚಿನವರೆಗೆ ನೀರು, ತಿಳಿಯಾಗಿ. ಒಂದರಲ್ಲಿ ಆಗಲೇ ಒಂದು ಕಪ್ಪೆ ಬಂದು ಸೇರಿತ್ತು. ಪಕ್ಕದಲ್ಲಿ ಒಂದು ಲೋಡು ಇಟ್ಟಿಗೆ ಚೂರು ತಂದು ಸುರಿದಿದ್ದರು, ಮುಚ್ಚುವುದಕ್ಕೆ.

ಗಂಗಮ್ಮ ಮನೆಯ ಮುಂದಿನ ಜಗುಲಿಯಲ್ಲಿ ಕಾಲು ಚಾಚಿ ಕೂತಿದ್ದಳು. ಮಂಡಿಗೆ ಎಣ್ಣೆ ಹಚ್ಚಿಕೊಂಡಿದ್ದಳು. ನಾನು ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಕಚೇರಿ, ನಕ್ಷೆ, ಸಭೆ, ಜನ ನಕ್ಕದ್ದು, ನಾನು ಬರೆದುಕೊಟ್ಟದ್ದು. ಮೂರ್ತಿ ಹೇಳಿದ ಮಾತನ್ನು ಅವನ ದನಿಯಲ್ಲೇ ಅಣಕಿಸಿ ಹೇಳಿದೆ. ಅವಳು ಮಂಡಿ ನೀವಿಕೊಳ್ಳುತ್ತಾ ಕೇಳಿದಳು.

"ಮೂರು ಮರ ನೀನೇ ಮಡಿಕ್ಕೊ ಅಂದ್ನಾ ಅವ್ನು?"

"ಅಂದ. ಎಷ್ಟು ಸೊಕ್ಕು ನೋಡು."

"ಎಲ್ಲಾರ್ ಮುಂದೆ ಅಂದ್ನಾ?"

"ಎಲ್ಲರ ಮುಂದೆ. ಅದಕ್ಕೇ ಮುಖದ ಮೇಲೆ ಬಿಸಾಕಿ ಬಂದೆ, ನಿಮ್ಮ ಸೈಟು ನೀವೇ ಇಟ್ಕೊಳಿ ಅಂತ."

ಗಂಗಮ್ಮನ ಕೈ ನಿಂತಿತು. ಏರಿಯ ಕಡೆ ನೋಡಿದಳು, ಆಮೇಲೆ ನನ್ನ ಕಡೆ.

"ಮೊನ್ನೆ ಅದ್ಯಾರೋ ಒಸಬ್ರು ಬಂದಿದ್ರು, ಆ ಸೈಟ್ನೋರು," ಎಂದಳು. "ಮರ ಇದ್ರೆ ಆವು ಬತ್ತದೆ ಅಂತ ಕೀಳ್ಸಿದ್ರು. ನಾನು ಓಗಿ ಕೇಳ್ದೆ, ನಡೂದೊಂದಾದ್ರೂ ಬಿಡಿ ಅಂತ. ನಿಮ್ದೇನಜ್ಜಿ ಇಲ್ಲಿ ಅಂದ್ರು. ಸರಿ ಅಂತ ಬಂದ್ಬುಟ್ಟೆ." ಮತ್ತೆ ಮಂಡಿ ನೀವತೊಡಗಿದಳು. "ನಿಂದಾಗಿತ್ತಲ್ಲ ಪಾಪಾ. ಮಡಿಕ್ಕೊಂಡಿದ್ರೆ ಆ ಮೂರಾದ್ರೂ ಇರ್ತಿದ್ವು."

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ, ಬಯ್ಗುಳವೂ ಇರಲಿಲ್ಲ. ಪೊರಕೆ ಸಣ್ಣದಾಗಿದೆ ಎಂದಾಗ ಅವ್ವನಿಗೆ ಉತ್ತರ ಕೊಡುತ್ತಿದ್ದಳಲ್ಲ, ಅಷ್ಟೇ ಸಲೀಸು. ನಾನು ಒಂದು ವರ್ಷದಿಂದ ಎಷ್ಟು ಜನರ ಮೇಲೆ ಕೋಪಿಸಿಕೊಂಡಿದ್ದೆ. ಅವರಲ್ಲಿ ಒಬ್ಬರ ಕೈಯಲ್ಲೂ ಆ ಮೂರು ಮರ ಇರಲಿಲ್ಲ. ನನ್ನ ಕೈಯಲ್ಲಿದ್ದವು.

ಗೋಡೆ ಹಿಡಿದು ಎದ್ದು, "ಕಾಪಿ ಕಾಯುಸ್ತೀನಿ, ಕುಡ್ದು ಓಗು," ಎಂದು ಗಂಗಮ್ಮ ಒಳಗೆ ಹೋದಳು. ಅವಳು ತಂದುಕೊಟ್ಟಳು, ನಾನು ಕುಡಿದೆ.